ಆಸ್ಟ್ರೇಲಿಯ ಮತ್ತು ಯೂರೋಪುಗಳ ಪಂದ್ಯದ ಕುದುರೆಗಳು: ಬಲಾಬಲ ವಿಚಾರ

ಆಸ್ಟ್ರೇಲಿಯದ ಪಂದ್ಯದ ಕುದುರೆಗಳು ಮೇಲೋ ಯೂರೋಪಿನವು ಮೇಲೋ ಎಂಬ ಪ್ರಶ್ನೆಯನ್ನು ಪಂದ್ಯದ ಮೈದಾನಕ್ಕೇ ಬಿಟ್ಟುಬಿಡಬಹುದೆಂದು ಮೊದಲಿಗೆ ತೋರುತ್ತದೆ. ಆದರೆ ಒಂದು ವಸಾಹತಿನ ಸಮಾಜವು ತನ್ನ ಮೂಲದೇಶದೊಡನೆ ತನ್ನನ್ನು ಹೇಗೆ ತೂಗಿಕೊಂಡಿತು, ಆ ತಕ್ಕಡಿಯನ್ನು ಯಾರು ಹಿಡಿದಿದ್ದರು ಎಂಬ ವಿಚಾರವೂ ಇದರಲ್ಲಿ ಅಡಗಿರುವುದರಿಂದ, ಇತಿಹಾಸದ ವಿದ್ಯಾರ್ಥಿಗೆ ಇದು ಹೊರಗಿನ ವಿಷಯವಲ್ಲ. ಇಂದು ರೂಢಿಯಲ್ಲಿರುವ ತೀರ್ಪು ಬಹಳ ಚಿಕ್ಕದು: ವೇಗದಲ್ಲಿ ಆಸ್ಟ್ರೇಲಿಯ, ದೂರದ ಓಟದಲ್ಲಿ ಯೂರೋಪು. ಇದು ಆಯಾ ನೆಲದ ಹವೆ ಹುಲ್ಲುಗಳ ಗುಣವೆಂಬಂತೆ ಅನೇಕರು ಮಾತನಾಡುತ್ತಾರೆ. ಈ ಭೇದಕ್ಕೆ ಎಪ್ಪತ್ತು ಎಂಬತ್ತು ವರ್ಷಗಳಿಗಿಂತ ಹೆಚ್ಚಿನ ವಯಸ್ಸಿಲ್ಲವೆಂದೂ, ಅದಕ್ಕೆ ಹಿಂದೆ ಪರಿಸ್ಥಿತಿಯು ಬಹುಮಟ್ಟಿಗೆ ಬೇರೆಯಾಗಿದ್ದಿತೆಂದೂ ತೋರಿಸುವುದು ನಮ್ಮ ಉದ್ದೇಶ.

ಮೊದಲು ರಕ್ತದ ಮಾತು. ಥರೋಬ್ರೆಡ್ ತಳಿಯು ಇಂಗ್ಲೆಂಡಿನಲ್ಲಿ ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ರೂಪುಗೊಂಡಿತು. ಅದರ ಗಂಡುಸಂತತಿಯ ಸಾಲುಗಳೆಲ್ಲ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಪೂರ್ವದೇಶದ ಮೂರು ಕುದುರೆಗಳಲ್ಲಿ ಹೋಗಿ ಸೇರುತ್ತವೆ. 1791ರಿಂದ ಅದಕ್ಕೆ ಅಚ್ಚಾದ ವಂಶಾವಳಿಯಿದೆ. ರಾಜವಂಶಗಳಿಗೂ ಇಷ್ಟು ನಿರ್ವಿವಾದವಾದ ದಾಖಲೆ ದೊರೆಯುವುದು ಅಪರೂಪ. ಆಸ್ಟ್ರೇಲಿಯಕ್ಕೆ 1788ರಲ್ಲಿ ಮೊದಲ ಹಡಗುಗಳೊಡನೆ ಬಂದಿಳಿದ ಕೆಲವೇ ಕುದುರೆಗಳು ಗುಡ್‌ಹೋಪ್ ಭೂಶಿರದಲ್ಲಿ ಹತ್ತಿಸಿಕೊಂಡವು. 1810ರಲ್ಲಿ ಮಕ್ವಾರಿ ಗವರ್ನರನಾಗಿದ್ದಾಗ 73ನೆಯ ರೆಜಿಮೆಂಟಿನ ಅಧಿಕಾರಿಗಳು ಸಿಡ್ನಿಯ ಹೈಡ್ ಪಾರ್ಕಿನಲ್ಲಿ ಪಂದ್ಯಗಳನ್ನು ನಡೆಸಿದರು. ಆಸ್ಟ್ರೇಲಿಯನ್ ಜಾಕಿ ಕ್ಲಬ್ಬು 1842ರಲ್ಲಿ ಹುಟ್ಟಿತು. ಅಷ್ಟರಲ್ಲಿ ಇಂಗ್ಲೆಂಡಿನಿಂದ ಜಾತಿಯ ಕುದುರೆಗಳನ್ನು ತರಿಸುವ ರೂಢಿಯು ಬೇರೂರಿದ್ದಿತು. ಹೀಗಿರಲು ಇವು ಎರಡು ಬೇರೆ ತಳಿಗಳಲ್ಲ. ಒಂದೇ ಮನೆತನದ ಎರಡು ಕವಲುಗಳು. ನಮ್ಮ ದೇಶದ ಅಶ್ವದಳಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಟ್ಟಲೆ ಬಂದಿಳಿಯುತ್ತಿದ್ದ ‘ವೇಲರ್’ ಕುದುರೆಗಳಲ್ಲಿಯೂ ಈ ರಕ್ತ ಬೆರೆತಿದ್ದಿತು. ನ್ಯೂ ಸೌತ್ ವೇಲ್ಸ್ ಎಂಬ ಹೆಸರೇ ಸವೆದು ವೇಲರ್ ಆದದ್ದು.

1851ರಲ್ಲಿ ವಿಕ್ಟೋರಿಯದಲ್ಲಿ ಚಿನ್ನ ಸಿಕ್ಕಿತು. ಮೆಲ್ಬರ್ನ್ ನಗರಕ್ಕೆ ಹಣ ಹರಿಯಿತು. ಹತ್ತು ವರ್ಷಗಳ ತರುವಾಯ, 1861ರಲ್ಲಿ, ಅಲ್ಲಿನ ಫ್ಲೆಮಿಂಗ್ಟನ್ ಮೈದಾನದಲ್ಲಿ ಮೊದಲ ಮೆಲ್ಬರ್ನ್ ಕಪ್ ನಡೆಯಿತು. ಗೆದ್ದದ್ದು ನ್ಯೂ ಸೌತ್ ವೇಲ್ಸಿನ ಆರ್ಚರ್. ಈ ಕುದುರೆಯು ನೂರಾರು ಮೈಲಿ ನಡೆದುಬಂದು ಗೆದ್ದಿತೆಂಬ ಐತಿಹ್ಯವು ಇಂದಿಗೂ ಜನಪ್ರಿಯವಾಗಿದೆಯಾದರೂ, ಅದು ಹಬೆಯ ಹಡಗಿನಲ್ಲಿ ಬಂದಿತೆಂಬುದೇ ದಾಖಲೆಯ ಮಾತು. ಇಲ್ಲಿ ನಾವು ಗಮನಿಸಬೇಕಾದದ್ದು ಪಂದ್ಯದ ದೂರ. ಅದು ಎರಡು ಮೈಲಿ. ವಸಾಹತು ತನ್ನ ಅತ್ಯುನ್ನತ ಗೌರವವನ್ನು ಇಟ್ಟುದು ದೀರ್ಘದ ಓಟದ ಮೇಲೆ, ಅದೂ ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸುವ ಹ್ಯಾಂಡಿಕ್ಯಾಪ್ ಪಂದ್ಯದ ಮೇಲೆ.

ಆ ಕಾಲದ ಆಸ್ಟ್ರೇಲಿಯದ ಸತ್ವವನ್ನು ಅಳೆಯಲು ಕಾರ್ಬೈನ್ ಎಂಬ ಒಂದು ಕುದುರೆ ಸಾಕು. ಇದು 1885ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿತು. ತಂದೆ ಮಸ್ಕೆಟ್, ತಾಯಿ ಮರ್ಸಿ. ಇಬ್ಬರೂ ಇಂಗ್ಲೆಂಡಿನಿಂದ ಬಂದವರು. ಓಡಿದ 43 ಪಂದ್ಯಗಳಲ್ಲಿ 33 ಗೆಲುವು. 1890ರ ಮೆಲ್ಬರ್ನ್ ಕಪ್ಪಿನಲ್ಲಿ 39 ಕುದುರೆಗಳ ನಡುವೆ 10 ಸ್ಟೋನು 5 ಪೌಂಡು ಭಾರ ಹೊತ್ತು ಗೆದ್ದಿತು. ಎರಡನೆಯದಾಗಿ ಬಂದ ಹೈಬಾರ್ನ್ ಹೊತ್ತಿದ್ದ ಭಾರ ಇದಕ್ಕಿಂತ 53 ಪೌಂಡು ಕಡಿಮೆ. ಹೀಗಿದ್ದರೂ ಇದು ವಸಾಹತಿನ ಮೈದಾನಗಳ ಕೀರ್ತಿ, ಮೂಲದೇಶದಲ್ಲಿ ಏನಾಗುತ್ತಿತ್ತೋ ಎಂದು ಸಂದೇಹಪಡುವವರು ಇಂಗ್ಲೆಂಡಿನಲ್ಲಿ ಇದ್ದೇ ಇರುತ್ತಿದ್ದರು. ಅವರಿಗೆ ಉತ್ತರ ಎರಡು ದಾರಿಯಿಂದ ಬಂದಿತು. 1895ರಲ್ಲಿ ಪೋರ್ಟ್‌ಲೆಂಡಿನ ಡ್ಯೂಕನು ಕಾರ್ಬೈನನ್ನು ಕೊಂಡು ಸಂತಾನಕ್ಕಾಗಿ ತನ್ನ ವೆಲ್‌ಬೆಕ್ ಎಸ್ಟೇಟಿಗೆ ಕರೆಯಿಸಿಕೊಂಡನು. ಅದರ ಮಗ ಸ್ಪಿಯರ್‌ಮಿಂಟ್ 1906ರಲ್ಲಿ ಎಪ್ಸಮ್ಮಿನ ಡರ್ಬಿಯನ್ನೂ ಪ್ಯಾರಿಸ್ಸಿನ ಗ್ರಾಂಪ್ರಿಯನ್ನೂ ಗೆದ್ದಿತು. ಸ್ಪಿಯರ್‌ಮಿಂಟಿನ ಮಗ ಸ್ಪಿಯಾನ್ ಕಾಪ್ 1920ರಲ್ಲಿ, ಅದರ ಮಗ ಫೆಲ್‌ಸ್ಟೆಡ್ 1928ರಲ್ಲಿ ಅದೇ ಡರ್ಬಿಯನ್ನು ಗೆದ್ದುವು. ಇನ್ನೊಂದು ದಾರಿ ಇನ್ನೂ ನೇರವಾದುದು. ಆಸ್ಟ್ರೇಲಿಯದಲ್ಲಿ ಹುಟ್ಟಿದ ಮರ್ಮನ್, ನಟಿ ಲಿಲಿ ಲ್ಯಾಂಗ್‌ಟ್ರಿಯ ಬಣ್ಣಗಳಲ್ಲಿ ಓಡಿ, 1897ರಲ್ಲಿ ಸೆಸರೆವಿಚ್ ಪಂದ್ಯವನ್ನೂ 1900ರಲ್ಲಿ ಎರಡೂವರೆ ಮೈಲಿಯ ಆಸ್ಕಟ್ ಗೋಲ್ಡ್ ಕಪ್ಪನ್ನೂ ಗೆದ್ದಿತು. ಅಂದಿನ ಇಂಗ್ಲೆಂಡಿಗೆ ಆಸ್ಟ್ರೇಲಿಯ ಕಳುಹಿಸಿಕೊಟ್ಟುದು ವೇಗವನ್ನಲ್ಲ, ದಮ್ಮನ್ನು.

ಹಾಗಾದರೆ ತಿರುವು ಎಲ್ಲಿ ಬಂದಿತು? ನಮ್ಮ ಮಟ್ಟಿಗೆ ಅದರ ಮೊದಲ ಗುರುತು 1951. ಆ ವರ್ಷ ಐರ್ಲೆಂಡಿನಲ್ಲಿ ಹುಟ್ಟಿದ್ದ ಸ್ಟಾರ್ ಕಿಂಗ್‌ಡಮ್ ಎಂಬ ಗಂಡು ಕುದುರೆ ಆಸ್ಟ್ರೇಲಿಯಕ್ಕೆ ಬಂದಿತು. ಅದರ ಮರಿಗಳು ಬೇಗ ಬಲಿಯುವಂಥವು, ಕಿರುದೂರದಲ್ಲಿ ಮಿಂಚುವಂಥವು. 1957ರಲ್ಲಿ ಸಿಡ್ನಿಯ ರೋಸ್‌ಹಿಲ್ಲಿನಲ್ಲಿ ಎರಡು ವರ್ಷದ ಕುದುರೆಗಳಿಗಾಗಿ ಆರು ಫರ್ಲಾಂಗಿನ ಗೋಲ್ಡನ್ ಸ್ಲಿಪ್ಪರ್ ಪಂದ್ಯ ಆರಂಭವಾಯಿತು. ಮೊದಲ ಐದು ವರ್ಷಗಳೂ ಗೆದ್ದುವು ಸ್ಟಾರ್ ಕಿಂಗ್‌ಡಮ್ಮಿನ ಮಕ್ಕಳೇ. ಬಹುಮಾನ ಏರಿದಂತೆ, ಎಳೆಯ ಕುದುರೆಯನ್ನು ಕೊಂಡವನು ವರ್ಷದೊಳಗೆ ಹಣ ಮರಳಿ ಬರುವುದನ್ನು ಬಯಸಿದನು. ಸಾಕುವವನು ಅದನ್ನೇ ಸಾಕಿದನು. ನಾಲ್ಕೈದು ವರ್ಷ ಕಾದು ಎರಡು ಮೈಲಿಗೆ ಹದಗೊಳಿಸುವ ತಾಳ್ಮೆಗೆ ಮಾರುಕಟ್ಟೆಯಲ್ಲಿ ಬೆಲೆ ಉಳಿಯಲಿಲ್ಲ. ಯೂರೋಪಿನಲ್ಲಾದರೋ 1780ರಿಂದ ನಡೆದುಬಂದ ಡರ್ಬಿಯ ಒಂದೂವರೆ ಮೈಲಿಯೇ ತಳಿಯ ಅಳತೆಗೋಲಾಗಿ ನಿಂತಿತು. ಇದರಲ್ಲಿ ಹವೆ ಹುಲ್ಲುಗಳ ಪಾತ್ರ ಸ್ವಲ್ಪ. ಬಹುಮಾನದ ಹಂಚಿಕೆಯ ಪಾತ್ರವೇ ಹೆಚ್ಚು. 2017ರಲ್ಲಿ ಸಿಡ್ನಿಯಲ್ಲಿ 1200 ಮೀಟರಿನ ಒಂದೇ ಪಂದ್ಯಕ್ಕೆ, ಎವರೆಸ್ಟ್ ಎಂಬ ಹೆಸರಿನಲ್ಲಿ, ಒಂದು ಕೋಟಿ ಡಾಲರು ಇಟ್ಟರೆಂಬುದನ್ನು ನೋಡಿದರೆ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ತಿಳಿಯುತ್ತದೆ.

ಇದರ ಫಲ ಮೈದಾನದಲ್ಲಿ ಕಾಣಿಸಿಕೊಂಡಿತು. 1993ರಲ್ಲಿ ಐರ್ಲೆಂಡಿನ ಡರ್ಮಟ್ ವೆಲ್ಡ್ ತರಬೇತು ಮಾಡಿದ ವಿಂಟೇಜ್ ಕ್ರಾಪ್ ಮೆಲ್ಬರ್ನ್ ಕಪ್ಪನ್ನು ಕೊಂಡೊಯ್ದಿತು. ಉತ್ತರಗೋಳದ ಲಾಯದಿಂದ ಬಂದು ಗೆದ್ದ ಮೊದಲ ಕುದುರೆ ಅದು. ಆಮೇಲೆ 2010, 2011ರಲ್ಲಿ ಫ್ರಾನ್ಸು, 2014ರಲ್ಲಿ ಜರ್ಮನಿ, 2017, 2020ರಲ್ಲಿ ಐರ್ಲೆಂಡು, 2018ರಲ್ಲಿ ಇಂಗ್ಲೆಂಡು. ಇತ್ತ 2003ರಲ್ಲಿ ಶ್ವಾಜೀರ್ ಎಂಬ ಆಸ್ಟ್ರೇಲಿಯದ ಕುದುರೆ ರಾಯಲ್ ಆಸ್ಕಟ್ಟಿನಲ್ಲಿ ಐದು ಫರ್ಲಾಂಗಿನ ಕಿಂಗ್ಸ್ ಸ್ಟ್ಯಾಂಡನ್ನೂ ಆರು ಫರ್ಲಾಂಗಿನ ಗೋಲ್ಡನ್ ಜ್ಯೂಬಿಲಿಯನ್ನೂ ಒಂದೇ ವಾರದಲ್ಲಿ ಗೆದ್ದಿತು. ಕಿಂಗ್ಸ್ ಸ್ಟ್ಯಾಂಡನ್ನು ಟೇಕೋವರ್ ಟಾರ್ಗೆಟ್ 2006ರಲ್ಲಿ, ಮಿಸ್ ಆಂಡ್ರೆಟಿ 2007ರಲ್ಲಿ, ಸೀನಿಕ್ ಬ್ಲಾಸ್ಟ್ 2009ರಲ್ಲಿ, ನೇಚರ್ ಸ್ಟ್ರಿಪ್ 2022ರಲ್ಲಿ ಗೆದ್ದುವು. 25 ಪಂದ್ಯಗಳಲ್ಲಿ ಒಮ್ಮೆಯೂ ಸೋಲದ ಬ್ಲ್ಯಾಕ್ ಕೇವಿಯರ್ 2012ರಲ್ಲಿ ಅಲ್ಲಿ ತಲೆಯಷ್ಟು ಅಂತರದಲ್ಲಿ ಮಾತ್ರ ಗೆದ್ದಿತೆಂಬುದನ್ನು ಹಿಡಿದು ಅದರ ಹಿರಿಮೆಯನ್ನು ಕುಗ್ಗಿಸುವವರುಂಟು. ಭೂಗೋಳದ ಅರ್ಧ ಸುತ್ತಿಬಂದ ಹೆಣ್ಣು ಕುದುರೆಯ ಒಂದು ಮಧ್ಯಾಹ್ನದ ಓಟವನ್ನು ಹೀಗೆ ತೂಗುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಈ ಗೆಲುವುಗಳ ಪಟ್ಟಿಯನ್ನೇ ಬಲಾಬಲದ ಲೆಕ್ಕವೆಂದು ತಿಳಿಯಲಾಗದು. ಉತ್ತರಗೋಳದ ಕುದುರೆಗಳಿಗೆ ಜನವರಿ 1ರಂದು, ದಕ್ಷಿಣಗೋಳದವಕ್ಕೆ ಆಗಸ್ಟ್ 1ರಂದು ಒಂದು ವರ್ಷ ಏರುತ್ತದೆ. ಸಮವಯಸ್ಕರೆಂದು ಹೇಳುವವು ಅರ್ಧ ವರ್ಷ ಹಿರಿದು ಕಿರಿದಾಗಿರುತ್ತವೆ. ಮೆಲ್ಬರ್ನ್ ಕಪ್ ಹ್ಯಾಂಡಿಕ್ಯಾಪ್ ಆದುದರಿಂದ ಯೂರೋಪಿನ ಅತ್ಯುತ್ತಮ ಕುದುರೆಗಳು ಅದಕ್ಕೆ ಬರುವುದೇ ವಿರಳ; ಆಸ್ಟ್ರೇಲಿಯವಾದರೋ ಆಸ್ಕಟ್ಟಿಗೆ ತನ್ನ ಕಿರುದೂರದ ಅಗ್ರಗಣ್ಯರನ್ನೇ ಕಳುಹಿಸುತ್ತದೆ. ಆದಕಾರಣ ಸರಿಯಾದ ಒರೆಗಲ್ಲು ಒಂದೂಕಾಲು ಮೈಲಿಯ ಮಧ್ಯದೂರ. ಅಲ್ಲಿ ಸಾಕ್ಷ್ಯವು ಎರಡೂ ಕಡೆಗೆ ಹರಿದಿದೆ. ಬಾರ್ಟ್ ಕಮಿಂಗ್ಸನ ಲಾಯದಿಂದ ಐರ್ಲೆಂಡಿಗೆ ಹೋದ ಸೋ ಯು ಥಿಂಕ್ 2011ರಲ್ಲಿ ಎಕ್ಲಿಪ್ಸ್ ಪಂದ್ಯವನ್ನೂ ಐರಿಷ್ ಚಾಂಪಿಯನ್ ಪಂದ್ಯವನ್ನೂ ಗೆದ್ದಿತು. ಯೂರೋಪಿಗೆ ಹೋಗದೆಯೇ 33 ಪಂದ್ಯಗಳನ್ನು ಸತತವಾಗಿ ಗೆದ್ದ ವಿಂಕ್ಸ್, 2018ರಲ್ಲಿ ತನ್ನ ನಾಡಿಗೇ ಬಂದ ಇಂಗ್ಲೆಂಡಿನ ಬೆನ್‌ಬಾಟ್ಲನ್ನು ಕಾಕ್ಸ್ ಪ್ಲೇಟಿನಲ್ಲಿ ಹಿಂದಿಕ್ಕಿತು. ಆ ವರ್ಷದ ಜಾಗತಿಕ ಶ್ರೇಣಿಯಲ್ಲಿ ಅದು ಯೂರೋಪಿನ ಕ್ರ್ಯಾಕ್ಸ್‌ಮನ್ನಿನೊಡನೆ 130 ಅಂಕಗಳಿಂದ ಸಮನಾಗಿ ನಿಂತಿತು. ಆದರೆ ಇಂಗ್ಲೆಂಡಿನ ಅಡೀಬ್ 2020ರಲ್ಲಿಯೂ 2021ರಲ್ಲಿಯೂ ಸಿಡ್ನಿಗೆ ಬಂದು ಕ್ವೀನ್ ಎಲಿಜಬೆತ್ ಪಂದ್ಯವನ್ನು ಗೆದ್ದುಕೊಂಡು ಹೋಯಿತು. ಎರಡು ಸಲವೂ ಎರಡನೆಯದಾಗಿ ಬಂದ ವೆರಿ ಎಲಿಗೆಂಟ್ 2021ರ ಮೆಲ್ಬರ್ನ್ ಕಪ್ಪನ್ನು ನಾಲ್ಕು ಕುದುರೆಯುದ್ದದಿಂದ ಗೆದ್ದು, ಮರುವರ್ಷ ಫ್ರಾನ್ಸಿಗೆ ಹೋಗಿ ಒಂದು ಗೆಲುವನ್ನೂ ಕಾಣಲಿಲ್ಲ.

ಇನ್ನು ‘ಆಸ್ಟ್ರೇಲಿಯದ ಕುದುರೆ’ ಎಂದರೆ ಯಾವುದು? ಅಮೆರಿಕದಲ್ಲಿ ಹುಟ್ಟಿ ಯೂರೋಪಿನಲ್ಲಿ ಓಡಿದ ಡೇನ್‌ಹಿಲ್, 1990ರಿಂದ ಒಂದೇ ವರ್ಷದಲ್ಲಿ ಎರಡೂ ಗೋಳಗಳಲ್ಲಿ ಸಂತಾನ ಕೊಡುತ್ತ, ಒಂಬತ್ತು ಬಾರಿ ಆಸ್ಟ್ರೇಲಿಯದ ಅಗ್ರ ಜನಕನಾಯಿತು. ಶ್ವಾಜೀರ್ ಅದರ ಮೊಮ್ಮಗ. ಡೇನ್‌ಹಿಲ್ಲಿನ ತಂದೆ ಡ್ಯಾನ್ಜಿಗ್, ಅದರ ತಂದೆ ನಾರ್ದರ್ನ್ ಡ್ಯಾನ್ಸರ್, ಅದರ ತಂದೆ ನಿಯಾರ್ಕ್ಟಿಕ್, ಅದರ ತಂದೆ ನಿಯಾರ್ಕೊ. ನಿಯಾರ್ಕೊವಿನ ತಾಯಿ ನೊಗಾರ, ಆಕೆಯ ತಾಯಿ ಕ್ಯಾಟ್‌ನಿಪ್, ಕ್ಯಾಟ್‌ನಿಪ್ಪಿನ ತಂದೆ ಸ್ಪಿಯರ್‌ಮಿಂಟ್. ಎಂದರೆ 1895ರಲ್ಲಿ ಕಾರ್ಬೈನಿನೊಡನೆ ಹಡಗು ಹತ್ತಿದ ರಕ್ತವೇ ಇಂಗ್ಲೆಂಡು, ಇಟಲಿ, ಕೆನಡ, ಅಮೆರಿಕಗಳನ್ನು ಸುತ್ತಿ ಆಸ್ಟ್ರೇಲಿಯದ ವೇಗವಾಗಿ ಹಿಂದಿರುಗಿತು. ಇತ್ತೀಚೆಗೆ ಕುದುರೆಗಳೇ ವಿಕ್ರಯವಾಗಿ ಬರುತ್ತಿವೆ. 2020ರಲ್ಲಿ ಪ್ಯಾರಿಸ್ಸಿನ ಆರ್ಕ್ ಪಂದ್ಯದಲ್ಲಿ ನಾಲ್ಕನೆಯದಾಗಿದ್ದ ಗೋಲ್ಡ್ ಟ್ರಿಪ್, 2022ರಲ್ಲಿ ಮೆಲ್ಬರ್ನ್ ಕಪ್ಪನ್ನು ಆಸ್ಟ್ರೇಲಿಯದ ಲಾಯದಿಂದ ಗೆದ್ದಿತು. ಮುಂದಿನ ವರ್ಷ ಗೆದ್ದ ವಿದೌಟ್ ಎ ಫೈಟ್ ಐರ್ಲೆಂಡಿನಲ್ಲಿ ಹುಟ್ಟಿದ್ದು. 2022ರ ಕಪ್ಪಿನಲ್ಲಿ ಅದು ಇಂಗ್ಲೆಂಡಿನ ಕುದುರೆಯಾಗಿ ಓಡಿ ಹಿಂದುಳಿದಿತ್ತು.