ಹಾಸಿಗೆಯ ಮೇಲಿನ ನಾಷ್ಟಾ: ಸುಖ ಯಾರದು, ಶ್ರಮ ಯಾರದು?

ಬೆಳಿಗ್ಗೆ ಕಣ್ಣು ಬಿಡುವ ಹೊತ್ತಿಗೆ ಯಾರಾದರೂ ತಟ್ಟೆಯಲ್ಲಿ ನಾಷ್ಟಾ ತಂದು ಹಾಸಿಗೆಯ ಮೇಲೆಯೇ ಇಟ್ಟರೆ ಹೇಗಿರುತ್ತದೆ? ಸಿನಿಮಾಗಳಲ್ಲಿ, ದೊಡ್ಡ ಹೋಟೆಲುಗಳ ಜಾಹೀರಾತುಗಳಲ್ಲಿ ಈ ದೃಶ್ಯವನ್ನು ನಾವೆಲ್ಲ ನೋಡಿದ್ದೇವೆ. ಕೆಲವರಿಗೆ ಇದು ಪರಮ ಸುಖ. ಇನ್ನು ಕೆಲವರಿಗೆ ಹಾಸಿಗೆ ಕೆಡಿಸುವ ಸೋಮಾರಿತನ. ಯಾವುದು ಸರಿ ಎಂದು ತೀರ್ಮಾನಿಸುವ ಮೊದಲು ನಮ್ಮ ಕಡೆಯ, ಅಂದರೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬದ ಬೆಳಗುಗಳ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡುವುದು ಒಳ್ಳೆಯದು.

ಸುತ್ತಿಟ್ಟ ಹಾಸಿಗೆ

ಮಾನ್ವಿ, ದೇವದುರ್ಗದ ಹಳ್ಳಿಗಳ ಹಳೆಯ ಮನೆಗಳಲ್ಲಿ ಮಲಗಲು ಬೇರೆ ಕೋಣೆ ಇರುವುದು ಅಪರೂಪ. ರಾತ್ರಿ ಚಾಪೆಯ ಮೇಲೆ ಕೌದಿ ಹಾಸಿದರೆ ಪಡಸಾಲೆಯೇ ಮಲಗುವ ಮನೆ. ಬೆಳಿಗ್ಗೆ ಅದನ್ನು ಸುತ್ತಿ ಮೂಲೆಗಿಟ್ಟರೆ ಅದೇ ಜಾಗ ಬಂದವರು ಕೂರುವ ಮನೆ, ಮಕ್ಕಳು ಉಣ್ಣುವ ಮನೆ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಈ ನಾಡಿನಲ್ಲಿ ಮಾಳಿಗೆಯ ಮೇಲೋ, ಅಂಗಳದ ಹೊರಸಿನ ಮೇಲೋ ಮಲಗುವುದು ವಾಡಿಕೆ. ಹೊತ್ತು ಹುಟ್ಟಿದ ಮೇಲೆ ಅಲ್ಲಿ ಮಲಗಿರಲು ಸೂರ್ಯನೇ ಬಿಡುವುದಿಲ್ಲ. ಹೀಗಾಗಿ ನಾಷ್ಟಾದ ಹೊತ್ತಿಗೆ ಹಾಸಿಗೆಯೇ ಇರುತ್ತಿರಲಿಲ್ಲ.

ಕೌದಿಯ ಮಾತೂ ಇದೆ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರು ಪದರಾಗಿ ಸೇರಿಸಿ ತಿಂಗಳುಗಟ್ಟಲೆ ಕೈಹೊಲಿಗೆ ಹಾಕಿದ ಹೊದಿಕೆ ಅದು. ನೀರು ಕುಡಿದ ಕೌದಿಯನ್ನು ಒಬ್ಬರೇ ಎತ್ತಲಾಗದು. ಹಳ್ಳಕ್ಕೋ ಕಾಲುವೆಗೋ ಒಯ್ದು, ಇಬ್ಬರು ಮೂವರು ಹೆಣ್ಣುಮಕ್ಕಳು ಸೇರಿ ತುಳಿದು, ಬಡಿದು, ಹಿಂಡಬೇಕು. ಅಂಥ ಕೌದಿಯ ಮೇಲೆ ಪುಂಡಿಪಲ್ಯ ಚೆಲ್ಲಿದರೆ ಮನೆಯ ಹಿರಿಯಳು ಸುಮ್ಮನಿರುವಳೇ?

ಹೊಲಗಳು ಮಳೆಯನ್ನೇ ನಂಬಿದ್ದ ಕಾಲದಲ್ಲಿ ಈ ಸೀಮೆಯ ಮುಖ್ಯ ಆಹಾರ ಜೋಳ. ರೊಟ್ಟಿ ಬೇಕಾದರೆ ಹಿಟ್ಟು ಬೇಕು, ಹಿಟ್ಟು ಬೇಕಾದರೆ ಬೀಸಬೇಕು. ಹಿಟ್ಟಿನ ಗಿರಣಿಗಳು ಬರುವ ತನಕ ಕೋಳಿ ಕೂಗುವ ಮೊದಲೇ ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದರು. ಆ ಶ್ರಮವನ್ನು ಮರೆಯಲು ಹಾಡಿದ ಹಾಡುಗಳೇ ಇಂದು ವಿದ್ವಾಂಸರು ಸಂಗ್ರಹಿಸುವ ಬೀಸುವ ಪದಗಳು. ಬೀಸಿ, ಬಡಿದು, ಬೇಯಿಸಿದ ರೊಟ್ಟಿ, ಪಲ್ಯ, ಹಿಂಡಿ, ಉಳ್ಳಾಗಡ್ಡಿ ಬುತ್ತಿಯ ಬಟ್ಟೆಯಲ್ಲಿ ಸೇರಿ ತಲೆಯ ಮೇಲೆ ಹೊಲಕ್ಕೆ ಹೋಗುತ್ತಿತ್ತು. ನಮ್ಮಲ್ಲಿ ಬೆಳಗಿನ ಊಟ ಹಾಸಿಗೆಗೆ ಬರುತ್ತಿರಲಿಲ್ಲ. ದುಡಿಯುವವನಿದ್ದ ಬದುವಿಗೆ ನಡೆದು ಹೋಗುತ್ತಿತ್ತು.

ಹಾಜರಿ ಕರೆದ ಚಹಾ

ಪದಗಳೂ ಒಂದು ಕತೆ ಹೇಳುತ್ತವೆ. ನಾವು ದಿನವೂ ಆಡುವ ‘ನಾಷ್ಟಾ’ ಪಾರಸಿಯಿಂದ ಬಂದದ್ದು. ಅಲ್ಲಿ ಅದರ ಹಳೆಯ ಅರ್ಥ ಬೆಳಗಿನಿಂದ ಏನನ್ನೂ ತಿನ್ನದೆ ಇರುವುದು. ಹಸಿವಿನ ಹೆಸರೇ ಹಸಿವು ಕಳೆಯುವ ತಿಂಡಿಯ ಹೆಸರಾಯಿತು.

ಹಾಸಿಗೆಗೆ ತಿಂಡಿ ತರುವ ಪದ್ಧತಿಗೆ ಮಾತ್ರ ಇಂಗ್ಲಿಷ್ ಸಾಹೇಬರ ಕಾಲದಲ್ಲಿ ಬೇರೊಂದು ಹೆಸರು ಬಂತು: ಛೋಟಾ ಹಾಜ್ರಿ. ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ಸಿದ್ಧಪಡಿಸಿ 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಪದಕೋಶ ಈ ಮಾತನ್ನು ದಾಖಲಿಸಿದೆ. ಅದು ಮೊದಲು ಬಂಗಾಳ ಪ್ರಾಂತದ ಮಾತು. ಮದ್ರಾಸ್ ಪ್ರಾಂತದವರು ಅದನ್ನು ಅರ್ಲಿ ಟೀ ಎನ್ನುತ್ತಿದ್ದರು. ‘ಹಾಜ್ರಿ’ ಎಂದರೆ ನಮಗೆ ಗೊತ್ತಿರುವ ಹಾಜರಿಯೇ. ಅದು ತಿಂಡಿಯ ಹೆಸರು ಹೇಗಾಯಿತು ಎಂಬುದು ಆ ಪದಕೋಶಕಾರರಿಗೂ ಸ್ಪಷ್ಟವಾಗಲಿಲ್ಲ.

ಈ ಸಾಹೇಬರು ನಮಗೆ ದೂರದವರೇನಲ್ಲ. ನಿಜಾಮರ ರಾಜ್ಯದೊಳಗಿದ್ದರೂ ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಪಡೆಯ ದಂಡುಪ್ರದೇಶವಿತ್ತು. ಆ ಪಡೆಯ ಖರ್ಚಿನ ಬಾಕಿಗಾಗಿಯೇ 1853ರ ಒಪ್ಪಂದದಲ್ಲಿ ನಿಜಾಮರು ಬೇರಾರಿನ ಜೊತೆಗೆ ರಾಯಚೂರು ದೋಆಬವನ್ನೂ ಕಂಪನಿಯ ಆಡಳಿತಕ್ಕೆ ಒಪ್ಪಿಸಬೇಕಾಯಿತು. ದೋಆಬ ಮರಳಿ ಸಿಕ್ಕಿದ್ದು 1860ರಲ್ಲಿ.

ದಂಡಿನ ಅಧಿಕಾರಿಗಳಿಗೆ ಛೋಟಾ ಹಾಜ್ರಿ ಬರಿಯ ಮೋಜು ಆಗಿರಲಿಲ್ಲ. ಬಿಸಿಲೇರುವ ಮೊದಲೇ ಕವಾಯತು ಮುಗಿಯಬೇಕು, ಪ್ರಯಾಣವಿದ್ದರೆ ಕತ್ತಲಲ್ಲೇ ಹೊರಡಬೇಕು. ಆದ್ದರಿಂದ ನಸುಕಿನಲ್ಲಿ ಸೇವಕ ಚಹಾ, ಒಂದೆರಡು ತುಂಡು ರೊಟ್ಟಿ, ಬಾಳೆಹಣ್ಣು ತಂದು ಮಂಚದ ಬಳಿ ಇಡುತ್ತಿದ್ದ. ದೊಡ್ಡ ತಿಂಡಿ ಆಮೇಲೆ, ಸ್ನಾನವಾಗಿ, ಮೇಜಿನ ಮುಂದೆ. ಸಾಹೇಬ ನಸುಕಿನಲ್ಲಿ ಎದ್ದರೆ ಸೇವಕ ಅದಕ್ಕೂ ಮೊದಲು ಒಲೆ ಹೊತ್ತಿಸಿರಬೇಕಷ್ಟೆ! ಹಾಸಿಗೆಯ ಮೇಲೆ ಚಹಾ ಕುಡಿಯುವುದು ಸುಲಭವಾಗಿತ್ತು, ಏಕೆಂದರೆ ಇನ್ನೊಬ್ಬನ ನಿದ್ದೆ ಅಗ್ಗವಾಗಿತ್ತು.

ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಮದುವೆಯಾದ ಹೆಂಗಸರು ಹಾಸಿಗೆಯಲ್ಲೇ ತಿಂಡಿ ತರಿಸಿಕೊಳ್ಳಬಹುದಿತ್ತು. ಅವಿವಾಹಿತೆಯರು ಕೆಳಗಿಳಿದು ಎಲ್ಲರೊಡನೆ ತಿನ್ನಬೇಕಿತ್ತು. ಇನ್ನೂ ಹಿಂದಕ್ಕೆ ಹೋದರೆ ರೋಮಿನ ಶ್ರೀಮಂತರು ಒರಗಿಕೊಂಡು ಉಣ್ಣುತ್ತಿದ್ದರು, ಗುಲಾಮರು ಬಡಿಸುತ್ತಿದ್ದರು. ಎಲ್ಲೆಡೆಯೂ ಒರಗಿ ತಿನ್ನುವುದು ದರ್ಜೆಯ ಗುರುತೇ ಆಗಿತ್ತು.

ಕೂಡಿ ಉಣ್ಣುವ ನೆಲ

ದಖ್ಖನಿನ ಮುಸ್ಲಿಂ ಮನೆಗಳಲ್ಲಿ ನೆಲದ ಮೇಲೆ ದಸ್ತರಖಾನ್ ಹಾಸಿ ಸುತ್ತ ಕೂರುವುದು ರೂಢಿ. ಒರಗಿಕೊಂಡು ಉಣ್ಣುವುದನ್ನು ಪ್ರವಾದಿಯವರು ತಮಗೆ ಬೇಡವೆಂದದ್ದು ಹದೀಸ್ ಸಂಗ್ರಹಗಳಲ್ಲಿದೆ. ರಂಜಾನಿನ ಸಹರಿಯಲ್ಲೂ ಇದೇ ಕ್ರಮ. ನಡುರಾತ್ರಿ ಕಳೆದು ನಿದ್ದೆಗಣ್ಣಿನಲ್ಲಿ ಎದ್ದ ಮಕ್ಕಳು ತೂಕಡಿಸುತ್ತಲೇ ಬಂದು ದಸ್ತರಖಾನಿನ ಮುಂದೆ ಕೂರುತ್ತಾರೆಯೇ ಹೊರತು ತಟ್ಟೆ ಹಾಸಿಗೆಗೆ ಹೋಗುವುದಿಲ್ಲ. ಆದರೆ ಆ ತಟ್ಟೆ ತುಂಬಲು ತಾಯಿ ಒಂದು ತಾಸು ಮೊದಲೇ ಎದ್ದಿರುತ್ತಾಳೆ.

ಪಂಕ್ತಿ ಬಿಟ್ಟು ಉಳಿಯುವುದರ ಬಗ್ಗೆ ಮಾನ್ವಿಯ ನೆಲದ್ದೇ ಒಂದು ಐತಿಹ್ಯವಿದೆ. ಚೀಕಲಪರ್ವಿಯ ವಿಜಯದಾಸರು ಶ್ರೀನಿವಾಸಾಚಾರ್ಯರೆಂಬ ಪಂಡಿತರನ್ನು ಊಟಕ್ಕೆ ಕರೆದರಂತೆ. ಊಟ ತಡವಾದರೆ ಹೊಟ್ಟೆನೋವು ಬರುತ್ತದೆಂಬ ನೆಪ ಹೇಳಿ ಪಂಡಿತರು ತಪ್ಪಿಸಿಕೊಂಡರು. ನೆಪವೇ ನಿಜವಾಗಿ ಹೊಟ್ಟೆನೋವು ಅವರನ್ನು ಹಿಡಿಯಿತು. ಗರ್ವ ಇಳಿದ ಮೇಲೆ ಅವರೇ ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರಾದರು. ಕತೆ ಭಕ್ತಿಯದು. ಆದರೂ ಕೂಡಿ ಉಣ್ಣಲು ಒಲ್ಲೆನೆಂಬುದರ ಒಳಗಿರುವ ಹೆಮ್ಮೆಯನ್ನು ಈ ನೆಲ ಗುರುತಿಸಿತ್ತು ಎಂಬುದು ಅದರಿಂದ ತಿಳಿಯುತ್ತದೆ.

ಹೊರಸಿನ ಮೇಲಿನ ಹಕ್ಕು

ಹಾಗಾದರೆ ನಮ್ಮಲ್ಲಿ ಯಾರೂ ಹಾಸಿಗೆಯ ಮೇಲೆ ಉಣ್ಣುತ್ತಲೇ ಇರಲಿಲ್ಲವೇ? ಉಣ್ಣುತ್ತಿದ್ದರು. ರೋಗಿಗಳು ಮತ್ತು ಬಾಣಂತಿಯರು. ಹೊರಸಿನ ಮೇಲೆ ಬಾಣಂತಿ, ಕೆಳಗೆ ಕುಳ್ಳಿನ ಕೆಂಡ. ಅಲ್ಲಿಗೇ ಬಿಸಿ ರೊಟ್ಟಿ, ತುಪ್ಪ, ಅಳ್ವಿ ಪಾಯಸ, ಅಂಟಿನುಂಡಿ ಬರುತ್ತಿತ್ತು. ಮುಸ್ಲಿಂ ಮನೆಗಳಲ್ಲಿ ಇದು ನಲವತ್ತು ದಿನಗಳ ಚಿಲ್ಲಾ. ಮುಚ್ಚಿದ ಕೋಣೆಯ ಹೊಗೆ ತಾಯಿ ಮಗುವಿಗೆ ಒಳ್ಳೆಯದಲ್ಲ ಎಂದು ಇಂದು ವೈದ್ಯರು ಹೇಳುತ್ತಾರೆ, ಅದು ಸರಿ. ಆದರೆ ಬೀಸುವ ಕಲ್ಲಿನಿಂದ ಆ ಹೆಣ್ಣಿಗೆ ರಜೆ ಸಿಗುತ್ತಿದ್ದದ್ದು ಆ ದಿನಗಳಲ್ಲಿ ಮಾತ್ರ. ಸಾಹೇಬನಿಗೆ ದಿನವೂ ಸಿಕ್ಕ ಸುಖ ಇವಳಿಗೆ ಹೆರಿಗೆಗೊಮ್ಮೆ ಸಿಕ್ಕಿತು. ಅದೂ ತಾಯಿಯೋ ಅತ್ತೆಯೋ ತನ್ನ ನಿದ್ದೆ ಬಿಟ್ಟಾಗ.

ಆಮೇಲೆ ಕಾಲ ಬದಲಾಯಿತು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿತು. ಎಡದಂಡೆ ಕಾಲುವೆಯ ಉದ್ದಕ್ಕೂ ಭತ್ತದ ಗದ್ದೆಗಳು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಬೆಳಗಿನ ತಟ್ಟೆಗೆ ಇಡ್ಲಿ, ದೋಸೆ, ಒಗ್ಗರಣಿ-ಮಿರ್ಚಿ ಬಂದವು. ಮಂಚ ಬಂತು, ಮಲಗುವ ಕೋಣೆ ಬಂತು. ಸಾಹೇಬರ ಛೋಟಾ ಹಾಜ್ರಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ‘ಬೆಡ್ ಕಾಫಿ’ಯಾಗಿ, ‘ಬೆಡ್ ಟೀ’ಯಾಗಿ ಉಳಿಯಿತು. ಸೇವಕನ ಜಾಗದಲ್ಲಿ ಈಗ ಹೆಂಡತಿ ನಿಂತಿದ್ದಾಳೆ, ಅಷ್ಟೇ ವ್ಯತ್ಯಾಸ.

ಸುಖವೋ ಅನಾನುಕೂಲವೋ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ಮಂಡಾಳಿನ ಒಗ್ಗರಣಿಯನ್ನು ಹಾಸಿಗೆಯ ಮೇಲೆ ತಿಂದು ನೋಡಿದವರಿಗೆ ಅನಾನುಕೂಲ ಏನೆಂದು ಗೊತ್ತು. ರಾತ್ರಿಯವರೆಗೂ ಕಾಳು ಚುಚ್ಚುತ್ತವೆ. ಸುಖವೂ ಸುಳ್ಳಲ್ಲ. ಆದರೆ ಅದು ತಿನ್ನುವವನ ಲೆಕ್ಕ. ತರುವವರ ಲೆಕ್ಕವನ್ನು ಚರಿತ್ರೆ ಬರೆದಿಟ್ಟದ್ದು ಕಡಿಮೆ.

ನಮ್ಮ ಮನೆಯಲ್ಲಿ ದಾದಿ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದರು. ಚಹಾದ ಬಟ್ಟಲು ಮಂಚದ ಬಳಿ ಒಯ್ದರೆ ಕೈಯೂರಿ ಏಳಲು ನೋಡುತ್ತಿದ್ದರು. “ಮಲಗಿ ಕುಡಿಯುವುದು ನನಗೆ ಬರುವುದಿಲ್ಲ ಬೇಟಾ” ಎನ್ನುತ್ತಿದ್ದರು. ಜೀವಮಾನವಿಡೀ ಇತರರಿಗಿಂತ ಮೊದಲು ಎದ್ದವರಿಗೆ ಅದು ಬರುವುದಾದರೂ ಹೇಗೆ? ಮನೆಯಲ್ಲಿ ಯಾರಿಗಾದರೂ ಹಾಸಿಗೆಗೇ ನಾಷ್ಟಾ ಒಯ್ಯಬೇಕೆನಿಸಿದರೆ, ಮೊದಲ ತಟ್ಟೆ ಅಂಥವರಿಗೆ ಹೋಗಲಿ. ಅವರು ಹಾಸಿಗೆ ಹಿಡಿಯುವ ಮೊದಲೇ ಹೋಗಲಿ.