ಕಲ್ನಾರು ಮತ್ತು ಒಂದು ಸಣ್ಣ ಪ್ರಶ್ನೆ

ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಒಂದು ಹಳೇ ಮನೆಯ ಶೀಟು ಕೆಡವುತ್ತಿದ್ದರು. ಹುಡುಗನೊಬ್ಬ ಮೂಗಿಗೆ ಒಂದು ಬಟ್ಟೆಯನ್ನೂ ಕಟ್ಟದೆ ಕಟರ್ ಹಿಡಿದು ಶೀಟು ಕೊಯ್ಯುತ್ತಿದ್ದ. ತಲೆ, ರೆಪ್ಪೆ, ಅಂಗಿ ಎಲ್ಲಾ ಬೂದು ಧೂಳು. "ಏನಾಗಲ್ಲ ಸಾರ್, ಅಭ್ಯಾಸ ಆಗಿದೆ" ಅಂದ. ಇವತ್ತಿಗೆ ಅವನ ಮಾತು ನಿಜವೇ. ಏನಾದರೂ ಆಗುವುದಿದ್ದರೆ ಮೂವತ್ತು, ನಲವತ್ತು ವರ್ಷದ ಮೇಲೆ...

ಆಸ್ಬೆಸ್ಟಾಸಿಗೆ ನಮ್ಮ ಭಾಷೆಯಲ್ಲಿ ಚೆಂದದ ಹೆಸರಿದೆ, ಕಲ್ನಾರು. ಕಲ್ಲೂ ಹೌದು, ನಾರೂ ಹೌದು. ಉಸಿರಿನ ಜೊತೆ ಒಳಗೆ ಹೋದ ಈ ನಾರು ಶ್ವಾಸಕೋಶವನ್ನು ಸುತ್ತಿಕೊಂಡಿರುವ ತೆಳು ಪೊರೆಯಲ್ಲಿ ಒಂದು ಕ್ಯಾನ್ಸರ್ ಹುಟ್ಟಿಸಬಲ್ಲದು. ಅದೇ ಮೀಸೋಥೀಲಿಯೋಮಾ. ಹೆಸರು ನಾಲಿಗೆಗೆ ಕಷ್ಟ, ಆದರೆ ಅದನ್ನು ಪತ್ತೆ ಹಚ್ಚಿದ ಕತೆ ಎಲ್ಲರೂ ತಿಳಿದಿರಬೇಕಾದ್ದು.

ದಕ್ಷಿಣ ಆಫ್ರಿಕಾದ ಕಿಂಬರ್ಲಿ ಅಂದರೆ ನಮಗೆ ವಜ್ರ ನೆನಪಾಗುತ್ತದೆ. ಅದರ ಪಶ್ಚಿಮದ ಬೆಟ್ಟಗಳಲ್ಲಿ ಸಿಗುತ್ತಿದ್ದದ್ದು ನೀಲಿ ಕಲ್ನಾರು. ಅಲ್ಲಿ ಹೆಂಗಸರು, ಮಕ್ಕಳೂ ಸುತ್ತಿಗೆ ಹಿಡಿದು ಕಲ್ಲು ಕುಟ್ಟಿ ನಾರು ಬಿಡಿಸುತ್ತಿದ್ದರು. 1950ರ ದಶಕದಲ್ಲಿ ಕಿಂಬರ್ಲಿಯ ಕ್ಷಯ ಆಸ್ಪತ್ರೆಯ ವೈದ್ಯ ಕ್ರಿಸ್ ಸ್ಲೆಗ್ಸ್ ಒಂದು ವಿಚಿತ್ರ ಗಮನಿಸಿದರು. ಆಗಷ್ಟೇ ಕ್ಷಯಕ್ಕೆ ಒಳ್ಳೆಯ ಔಷಧ ಬಂದಿತ್ತು. ಎದೆಯಲ್ಲಿ ನೀರು ತುಂಬಿ ಬಂದವರಲ್ಲಿ ಪೂರ್ವದ ಕಡೆಯವರು ಗುಣವಾಗುತ್ತಿದ್ದರು. ಪಶ್ಚಿಮದ ಕಡೆಯ ಕೆಲವರು ಮಾತ್ರ ಎಷ್ಟು ಔಷಧ ಕೊಟ್ಟರೂ ಸೊರಗುತ್ತಲೇ ಹೋಗುತ್ತಿದ್ದರು!

ಅತ್ತ ಜೋಹಾನ್ಸ್‌ಬರ್ಗಿನಲ್ಲಿ 1956ರಲ್ಲಿ ಕ್ರಿಸ್ಟೋಫರ್ ವ್ಯಾಗ್ನರ್ ಎಂಬ ರೋಗಶಾಸ್ತ್ರಜ್ಞ, ಕ್ಷಯವೆಂದು ಭಾವಿಸಿದ್ದ ಕಾರ್ಮಿಕನೊಬ್ಬನ ಶವಪರೀಕ್ಷೆಯಲ್ಲಿ ಅಪರೂಪದ ಗಡ್ಡೆ ಕಂಡರು. ಎರಡೂ ಎಳೆಗಳು ಕೂಡಿದವು. ರೋಗಿಗಳನ್ನು, ಅವರ ಮನೆಯವರನ್ನು ಹುಡುಕಿ ಹೋಗಿ ಕೇಳಿದ್ದು ಸರಳ ಪ್ರಶ್ನೆ: ನೀವು ಎಲ್ಲಿ ಹುಟ್ಟಿದಿರಿ, ಎಲ್ಲಿ ಬೆಳೆದಿರಿ, ಏನು ಕೆಲಸ ಮಾಡಿದಿರಿ?

1960ರಲ್ಲಿ ವ್ಯಾಗ್ನರ್, ಸ್ಲೆಗ್ಸ್ ಮತ್ತು ಮಾರ್ಚಂಡ್ ಬರೆದ ಲೇಖನದಲ್ಲಿ 33 ರೋಗಿಗಳಿದ್ದರು. ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಕಲ್ನಾರಿನ ಸಂಪರ್ಕ ಇದ್ದಿರಬಹುದೆಂದು ತಿಳಿದುಬಂತು. ಅವರೆಲ್ಲ ಗಣಿ ಕಾರ್ಮಿಕರೇನಲ್ಲ. ಗೃಹಿಣಿಯರಿದ್ದರು, ದನಗಾಹಿಗಳಿದ್ದರು, ವಿಮಾ ಏಜೆಂಟನೂ ಇದ್ದ. ಗಣಿಯ ಹತ್ತಿರ ಬಾಲ್ಯ ಕಳೆದದ್ದೇ ಕೆಲವರ ತಪ್ಪು. 1965ರಲ್ಲಿ ಲಂಡನ್ನಿನ ನ್ಯೂಹೌಸ್ ಮತ್ತು ಥಾಂಪ್ಸನ್ ಇನ್ನೊಂದು ಕಹಿ ಸತ್ಯ ತೋರಿಸಿದರು: ಕಾರ್ಖಾನೆಯಿಂದ ಬಂದವರ ಧೂಳು ಬಟ್ಟೆ ಒಗೆದ ಮನೆಯವರಿಗೂ ಈ ರೋಗ ಬಂದಿತ್ತು.

ನಾನು ಡಾಕ್ಟರಲ್ಲ. ಆದರೂ ಲಕ್ಷಣ ಹೇಳುತ್ತೇನೆ. ದಿನೇ ದಿನೇ ಹೆಚ್ಚುವ ಏದುಸಿರು, ಎದೆಯ ಒಂದು ಪಕ್ಕದಲ್ಲಿ ಬಿಡದೆ ಕಾಡುವ ನೋವು, ತೆಗೆದಷ್ಟೂ ಮತ್ತೆ ತುಂಬಿಕೊಳ್ಳುವ ನೀರು, ಒಣಕೆಮ್ಮು, ಸುಸ್ತು, ಕಾರಣವಿಲ್ಲದೆ ಇಳಿಯುವ ತೂಕ. ಹೊಟ್ಟೆಯ ಪೊರೆಯಲ್ಲಿ ಬಂದರೆ ಹೊಟ್ಟೆ ಉಬ್ಬರ, ನೋವು. ತೊಂದರೆ ಏನೆಂದರೆ ಇವೆಲ್ಲ ಕ್ಷಯದಲ್ಲೂ, ಬೇರೆ ಕಾಯಿಲೆಗಳಲ್ಲೂ ಇರುತ್ತವೆ. ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಎಂದರೆ ಮೊದಲು ಕ್ಷಯದ ಅನುಮಾನ ಬರುವುದು ಸಹಜ, ಸರಿ ಕೂಡ. ಆದರೆ ಔಷಧಕ್ಕೆ ಬಗ್ಗದಿದ್ದಾಗ ಇನ್ನೊಂದು ಯೋಚನೆ ಬೇಕು. ಖಚಿತವಾಗುವುದು ಪೊರೆಯ ತುಣುಕು ತೆಗೆದು ಪರೀಕ್ಷಿಸಿದಾಗಲೇ.

ದಕ್ಷಿಣ ಆಫ್ರಿಕಾ 2008ರಲ್ಲಿ ಕಲ್ನಾರನ್ನು ನಿಷೇಧಿಸಿತು. ನಮ್ಮಲ್ಲಿ ಬಿಳಿ ಕಲ್ನಾರಿನ ಶೀಟು ಇನ್ನೂ ತಯಾರಾಗುತ್ತಿದೆ. ತೊಟ್ಟಿಲ ಮೇಲೂ ಅದೇ ಸೂರು, ಕೊಟ್ಟಿಗೆಗೂ ಅದೇ. ಸುಮ್ಮನೆ ಹೊದ್ದು ಕೂತ ಶೀಟಿಗಿಂತ ಕೊಯ್ಯುವ, ಒಡೆಯುವ ಶೀಟೇ ಹೆಚ್ಚು ಅಪಾಯ.

ಹಾಗಾಗಿ ಒಂದೇ ಮಾತು. ಮನೆಯ ಹಿರಿಯರನ್ನು ಏದುಸಿರೆಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅವರ ಇಪ್ಪತ್ತನೇ ವಯಸ್ಸಿನ ಕೆಲಸವನ್ನೂ ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ. ಕಿಂಬರ್ಲಿಯಲ್ಲಿ ರೋಗದ ಗುಟ್ಟು ಬಯಲಾದದ್ದು ಎಕ್ಸ್‌ರೇಯಿಂದಷ್ಟೇ ಅಲ್ಲ, ಅಂಥ ಒಂದು ಪ್ರಶ್ನೆಯಿಂದ.

ಅಂದ ಹಾಗೆ, ಆ ಹುಡುಗನಿಗೆ ಶೀಟಿನ ಮೇಲೆ ನೀರು ಚಿಮುಕಿಸಿ, ಗರಗಸದಲ್ಲಿ ನಿಧಾನ ಕೊಯ್ಯಲು ಹೇಳಿ ಬಂದೆ. ನಕ್ಕ. ಆದರೆ ನೀರು ಮಾತ್ರ ಹಾಕಿದ.