ಕುಣಿತದಿಂದ ನಾಟ್ಯದವರೆಗೆ: ನಮ್ಮ ಗೆಜ್ಜೆಯ ಮಾತುಗಳು

ಊರಿನಿಂದ ಬಂದಿದ್ದ ನನ್ನ ತಾಯಿ ಒಂದು ಭಾನುವಾರ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನ ಸಭಾಂಗಣವೊಂದರಲ್ಲಿ ಮೊಮ್ಮಗಳ ನೃತ್ಯಾಭ್ಯಾಸ ನೋಡುತ್ತಾ ಕುಳಿತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಪುಟ್ಟಿ, ನೀನು ಕುಣಿಯೋದು ಯಾವಾಗ?" ಎಂದು ಪ್ರೀತಿಯಿಂದ ಕೇಳಿದರು. ಹುಡುಗಿಯ ಮುಖ ಸಣ್ಣದಾಯಿತು. "ಅಜ್ಜಿ, ನಾನು ಕುಣಿಯಲ್ಲ. ಇದು ಭರತನಾಟ್ಯ" ಎಂದಳು. ಅಮ್ಮ ಸುಮ್ಮನಾದರು. ಸಂಜೆ ಹಡಗುಕಟ್ಟೆಯ ಪಕ್ಕ ನಡೆದು ಬರುವಾಗ ನನ್ನನ್ನು ಕೇಳಿದರು: "ಕುಣಿಯೋದು ಅನ್ನೋದು ಕೆಟ್ಟ ಮಾತೇನೋ?"

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ನಿಘಂಟು, ಶಾಸನ, ಇತಿಹಾಸದ ಪುಸ್ತಕಗಳನ್ನು ತಿರುವಿ ಹಾಕಿದಾಗ ತಿಳಿದದ್ದನ್ನು ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ತಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಕುಣಿ, ಆಡು, ನಲಿ ಇವು ಮೂರೂ ಅಚ್ಚಗನ್ನಡದ ಮಾತುಗಳು. ಇವುಗಳಲ್ಲಿ 'ಆಡು' ಎಂಬುದರ ಹರವು ದೊಡ್ಡದು. ನಾವು ಮಾತಾಡುತ್ತೇವೆ, ಜಗಳಾಡುತ್ತೇವೆ, ಓಡಾಡುತ್ತೇವೆ. ಎಲ್ಲದರಲ್ಲಿಯೂ ಈ ಧಾತುವೇ ಇದೆ. ಕುಣಿತಕ್ಕೆ ಬಂದಾಗ ಕೋಲಾಟ, ಬಯಲಾಟ, ದೊಡ್ಡಾಟ, ಸಣ್ಣಾಟ. ಕರಾವಳಿಯವರು "ಆಟಕ್ಕೆ ಹೋಗಿದ್ದೆವು" ಎಂದರೆ ಯಕ್ಷಗಾನ ನೋಡಿ ಬಂದರೆಂದೇ ಅರ್ಥ. ಕೊಡವರ ಗಂಡಸರ ಬೊಳಕಾಟ್, ಹೆಂಗಸರ ಉಮ್ಮತ್ತಾಟ್, ಮಲಯಾಳಿಗಳ ಮೋಹಿನಿಯಾಟ್ಟಂ ಎಲ್ಲವೂ ಇದೇ ಬಳ್ಳಿಯ ಹೂಗಳು.

'ಕುಣಿ'ಯಿಂದ ಬಂದದ್ದು ಕುಣಿತ. ಅಮ್ಮನ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿಯೇ ಸಿಗುತ್ತದೆ. ಡೊಳ್ಳು ಕುಣಿತ ಬೀರೇಶ್ವರನ ಸೇವೆ. ಹಳೆಯ ಮೈಸೂರು ಸೀಮೆಯ ಸೋಮನ ಕುಣಿತದಲ್ಲಿ ಗ್ರಾಮದೇವತೆಯ ಮುಖವಾಡ ಧರಿಸುತ್ತಾರೆ. ಬೆಂಗಳೂರು, ಮಂಡ್ಯ ಕಡೆಯ ಒಂದು ಕುಣಿತದಲ್ಲಿ ದೇವಿಯ ಅಲಂಕೃತ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ಹೆಜ್ಜೆ ಹಾಕುತ್ತಾರೆ. ಅದರ ಹೆಸರೇ ಪೂಜಾ ಕುಣಿತ. ಪೂಜೆಯ ಪಕ್ಕದಲ್ಲಿ ನಿಲ್ಲುವ ಮಾತು ಕೀಳಾದದ್ದು ಹೇಗೆ?

ಸಂಸ್ಕೃತದಿಂದ ಬಂದ ನೃತ್ತ, ನೃತ್ಯ, ನಾಟ್ಯಗಳು ಶಾಸ್ತ್ರದ ಮಾತುಗಳು. ಭಾವದ ಹೊಣೆಯಿಲ್ಲದೆ ತಾಳ ಲಯಗಳಿಗೆ ಅಂಗಗಳನ್ನು ಚಲಿಸುವುದು ನೃತ್ತ. ಅದಕ್ಕೆ ಅಭಿನಯ ಕೂಡಿದರೆ ನೃತ್ಯ. ಕಥೆ, ಮಾತು, ಪಾತ್ರಗಳಿರುವ ರೂಪಕ ನಾಟ್ಯ. ನಮ್ಮ ಮಕ್ಕಳು ಕಲಿಯುವ ಅಲರಿಪು ನೃತ್ತ. ಪದ, ಜಾವಳಿಗಳು ನೃತ್ಯ. ಭಾಷಾಪಂಡಿತರ ಪ್ರಕಾರ 'ನಟ್' ಎಂಬ ಧಾತು 'ನೃತ್' ಎಂಬುದರ ಪ್ರಾಕೃತ ರೂಪ. ಅಂದರೆ ಶಾಸ್ತ್ರದ ಹೆಮ್ಮೆಯ ನಾಟ್ಯವೆಂಬ ಮಾತೂ ಜನರ ನಾಲಿಗೆಯ ಮೇಲೆ ಸವೆದು ಬಂದದ್ದೇ.

ಕನ್ನಡ ಕಾವ್ಯದ ಆರಂಭದಲ್ಲಿಯೇ ನರ್ತಕಿಯೊಬ್ಬಳಿದ್ದಾಳೆ. ಪಂಪನ ಆದಿಪುರಾಣ ಕ್ರಿ.ಶ. 941ರ ಕೃತಿ. ಅದರಲ್ಲಿ ಇಂದ್ರನು ಕಳಿಸಿದ ನೀಲಾಂಜನೆ ವೃಷಭನಾಥನ ಆಸ್ಥಾನದಲ್ಲಿ ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರಿ ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಅವಳಂಥದೇ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದೇ ಇಲ್ಲ. ವೃಷಭನಾಥನೊಬ್ಬನಿಗೆ ತಿಳಿಯುತ್ತದೆ, ಅವನು ವಿರಕ್ತನಾಗುತ್ತಾನೆ. ನರ್ತಕಿ ಹೋದರೂ ನರ್ತನ ನಡೆದೇ ಇತ್ತು ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರು ನಮಗೆಲ್ಲ ಗೊತ್ತು. ಬೇಲೂರಿನ ದೇವಾಲಯದ ಪ್ರತಿಷ್ಠೆ ನಡೆದದ್ದು 1117ರಲ್ಲಿ. ಗೀತ, ವಾದ್ಯ, ನೃತ್ಯಗಳಲ್ಲಿ ಅವಳಿಗಿದ್ದ ಪ್ರಾವೀಣ್ಯವನ್ನು ಶಾಸನಗಳು ಹೊಗಳುತ್ತವೆ. ದೇವಾಲಯದ ಒಳಗಿನ ಮಂಟಪಕ್ಕೆ ನವರಂಗವೆಂದು ಹೆಸರು. ದೇವರ 'ಅಂಗಭೋಗ, ರಂಗಭೋಗ'ಗಳಿಗೆ ಭೂಮಿ ಬಿಟ್ಟೆವು ಎಂದು ಕನ್ನಡ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ದೇವರ ಎದುರಿನ ಗಾನ ನರ್ತನಗಳೇ ರಂಗಭೋಗ. ಹಾಗೆ ನರ್ತಿಸುವ ಹೆಣ್ಣಿಗೆ 'ಪಾತ್ರ' ಎಂದು ಕರೆಯುತ್ತಿದ್ದರು. ಇಂದು ನಾವು "ಅವಳ ಪಾತ್ರ ಚೆನ್ನಾಗಿತ್ತು" ಎನ್ನುತ್ತೇವೆ. ಅಂದು ಅವಳೇ ಪಾತ್ರ.

ಶಾಂತಲೆ ದೇಹ ಬಿಟ್ಟದ್ದು 1131ರಲ್ಲಿ, ಶಿವಗಂಗೆಯಲ್ಲಿ. ಅದೇ ಶಿವಗಂಗೆಯ ಸಮೀಪದ ಸಾತನೂರಿನವನು ಪುಂಡರೀಕ ವಿಠ್ಠಲ, ಹದಿನಾರನೆಯ ಶತಮಾನದ ಸಂಗೀತ ಶಾಸ್ತ್ರಜ್ಞ. ಹೊರನಾಡ ಕನ್ನಡಿಗರಾದ ನಾವು ಇವನನ್ನು ನಮ್ಮ ಹಿರಿಯಣ್ಣನೆಂದೇ ತಿಳಿಯಬೇಕು. ಊರು ಬಿಟ್ಟು ಉತ್ತರಕ್ಕೆ ಹೋಗಿ, ಖಾನ್‌ದೇಶದ ದೊರೆಯ ಆಶ್ರಯದಲ್ಲಿದ್ದು, ಕೊನೆಗೆ ಅಕ್ಬರನ ಕಾಲದ ಆಸ್ಥಾನ ಸೇರಿದನು. ಅವನ 'ನರ್ತನನಿರ್ಣಯ'ದಲ್ಲಿ ನಮ್ಮ ಪರಂಪರೆಯ ನೃತ್ಯಗಳ ಜೊತೆಗೆ, ಯವನರಿಗೆ ಪ್ರಿಯವಾದ 'ಜಕ್ಕಡಿ' ಎಂಬ ನೃತ್ಯಕ್ಕೂ ಜಾಗವಿದೆ. ತನ್ನದನ್ನು ಮರೆಯದೆ, ಹೋದ ನೆಲದ್ದನ್ನೂ ಅದರ ಹೆಸರಿನಿಂದಲೇ ಕರೆದು ಬರೆದಿಟ್ಟನು.

ಇನ್ನು ನೋವಿನ ಮಾತೊಂದಿದೆ. ನಮ್ಮ ಮನೆಗಳಲ್ಲಿ ಈಗ ಹುಡುಗಿ ರಂಗವೇರುವ ಮೊದಲು ಗೆಜ್ಜೆಪೂಜೆ ಮಾಡಿಸಿ, ಬಂಧುಗಳನ್ನು ಕರೆದು ಊಟ ಹಾಕುತ್ತೇವೆ. ನಮ್ಮ ಅಜ್ಜಿಯರ ಕಾಲದಲ್ಲಿ ಆ ಮಾತನ್ನು ಗೃಹಸ್ಥರ ಮನೆಯಲ್ಲಿ ಎತ್ತುವಂತಿರಲಿಲ್ಲ. ಹೆಣ್ಣುಮಗುವನ್ನು ವೇಶ್ಯಾವೃತ್ತಿಗೆ ಬಿಡುವ ಶಾಸ್ತ್ರಕ್ಕೆ ಆ ಹೆಸರಿತ್ತು. ಎಂ.ಕೆ. ಇಂದಿರಾ ಅವರ ಕಾದಂಬರಿ, ಅದನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1969ರಲ್ಲಿ ತೆಗೆದ ಚಿತ್ರ ಎರಡಕ್ಕೂ ಅದೇ ಹೆಸರು. ಹಿರಿಯ ಓದುಗರಿಗೆ ನೆನಪಿರಬಹುದು. ಮೈಸೂರು ಸಂಸ್ಥಾನ 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ದೇವದಾಸಿಯರಾಗಿ ಬಿಡುವುದನ್ನೇ ನಿಷೇಧಿಸುವ ಕರ್ನಾಟಕದ ಕಾಯಿದೆ 1982ರದು. ಅನ್ಯಾಯ ನಿಲ್ಲಬೇಕಾಗಿತ್ತು, ಸರಿ. ಆದರೆ ಶತಮಾನಗಳಿಂದ ಕಲೆಯನ್ನು ಕಾಪಾಡಿದ್ದ ಹೆಂಗಸರೂ ಅದರೊಡನೆ ಮರೆಗೆ ಸರಿದರು. 1930ರ ದಶಕದಿಂದ ಸದಿರು ಎಂಬ ಹಳೆಯ ಹೆಸರು ಹಿಂದೆ ಸರಿದು ಭರತನಾಟ್ಯವೆಂಬ ಹೆಸರು ನೆಲೆಯಾಯಿತು. ನೀಲಾಂಜನೆಯ ಸಭೆಯಂತೆಯೇ, ರಂಗದ ಮೇಲೆ ಬೇರೆಯವರು ನಿಂತದ್ದು ನೋಡುವವರಿಗೆ ತಿಳಿಯಲಿಲ್ಲ.

ಮೈಸೂರಿನಲ್ಲಿ ಆ ಎಳೆ ಪೂರ್ತಿ ಕಡಿಯಲಿಲ್ಲ ಎಂಬುದು ನಮ್ಮ ಭಾಗ್ಯ. ಅರಮನೆಯ ಕಲಾವಿದೆ ಜಟ್ಟಿ ತಾಯಮ್ಮನವರು (1857-1947) ಅಭಿನಯಕ್ಕೆ ಹೆಸರಾದವರು. ಕಡೂರು ಸೀಮೆಯ ಲಂಬಾಣಿ ಕುಟುಂಬದಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮನವರು (1906-2002) ಎಂಟನೆಯ ವಯಸ್ಸಿನಲ್ಲಿ ಅವರ ಬಳಿ ಕಲಿಯತೊಡಗಿ, ತಾವೂ ಆಸ್ಥಾನ ವಿದುಷಿಯಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. 1992ರಲ್ಲಿ ಪದ್ಮಭೂಷಣ ಅವರಿಗೆ ಬಂತು. ಗೆಜ್ಜೆಪೂಜೆ ಎಂಬ ಮಾತಿನ ಮೇಲಿನ ಕಳಂಕ ತೊಳೆದದ್ದು ನಾವಲ್ಲ, ಇಂಥವರು.

ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಮಾತಿನ ವಿಷಯವೂ ಇದೆ. ಇಲ್ಲಿ ಹೆಚ್ಚಾಗಿ ಕಾಣುವುದು ಅರಂಗೇಟ್ರಂ, ತಮಿಳಿನ ಮಾತು. ಅರಂಗು ಎಂದರೆ ರಂಗ, ಏಟ್ರಂ ಎಂದರೆ ಏರಿಕೆ. ನಾವು "ರಂಗವೇರಿದಳು" ಎಂದು ಹೇಳುವುದೂ ಅದನ್ನೇ. ಕರ್ನಾಟಕದಲ್ಲಿ ರೂಢಿಯಾಗಿರುವುದು ರಂಗಪ್ರವೇಶ. ತಮಿಳಿನ ಮೇಲೆ ನನಗೆ ಮುನಿಸಿಲ್ಲ, ಅಕ್ಕಪಕ್ಕದ ಮನೆಯ ಮಾತು. ಆದರೆ ನಮ್ಮದು ಇರುವಾಗ ಅದು ಇದೆಯೆಂದು ಮಕ್ಕಳಿಗೆ ಗೊತ್ತಿರಬೇಕಲ್ಲವೇ?

ನಾವು ಬಂದು ನೆಲೆಸಿರುವ ನೆಲಕ್ಕೂ ಇದೇ ಕಥೆ ಉಂಟು. ಇಂಗ್ಲಿಷಿನಲ್ಲಿ ಇಂದಿಗೂ ಬಳಕೆಯಲ್ಲಿರುವ 'ಕೊರೊಬರಿ' ಎಂಬ ಮಾತು ಸಿಡ್ನಿಯ ಮೂಲನಿವಾಸಿಗಳ ಧಾರುಗ್ ಭಾಷೆಯದು. ಅಲ್ಲಿ ಅದು ಒಂದು ಬಗೆಯ ಕುಣಿತದ ಹೆಸರು. 1788ರಲ್ಲಿ ಹಡಗಿನಿಂದಿಳಿದು ನೆಲೆಸಿದವರು ಅದನ್ನು ಕೇಳಿ ಕಲಿತರು. ಮುಂದೆ ಖಂಡದಾದ್ಯಂತ ನೂರಾರು ಭಾಷೆಗಳ ಜನ ಮಾಡುವ ಎಲ್ಲ ಕುಣಿತಕ್ಕೂ ಅದೊಂದೇ ಹೆಸರಿಟ್ಟರು. ಡೊಳ್ಳು ಕುಣಿತ, ಕೋಲಾಟ, ಯಕ್ಷಗಾನ ಎಲ್ಲವನ್ನೂ ನಾವು 'ಫೋಕ್ ಡ್ಯಾನ್ಸ್' ಎಂದು ಕರೆದು ಮುಗಿಸಿದಂತೆ. ಸಿಡ್ನಿಯ ವಾಲ್ಷ್ ಬೇಯಲ್ಲಿ, ಒಂದು ಕಾಲಕ್ಕೆ ಹಡಗುಗಳು ನಿಲ್ಲುತ್ತಿದ್ದ ಮರದ ಕಟ್ಟೆಯ ಮೇಲೆ, 1989ರಲ್ಲಿ ಸ್ಥಾಪನೆಯಾದ ಮೂಲನಿವಾಸಿಗಳ ನೃತ್ಯ ತಂಡ ಬಂಗಾರ ಈಗ ನೆಲೆಸಿದೆ. ಆ ಹೆಸರು ನಮ್ಮ ಚಿನ್ನವಲ್ಲ. ವಿರಾಜುರಿ ಭಾಷೆಯಲ್ಲಿ ಬೆಂಕಿ ಹೊತ್ತಿಸುವುದು ಎಂದು ಅರ್ಥ. ತಮ್ಮ ಕುಣಿತಕ್ಕೆ ತಮ್ಮ ಮಾತನ್ನು ಅವರು ಹಿಂದಕ್ಕೆ ಪಡೆದುಕೊಂಡರು.

ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಕೂಡ ಹಡಗಿನ ಜಾಗವೇ. ಅಲ್ಲಿನ ವಿಕ್ಟೋರಿಯಾ ಡಾಕ್ 1892ರದು. ಹಡಗುಕಟ್ಟೆಗೆ ಬರುವ ಸಾಮಾನಿಗೆಲ್ಲ ಒಂದು ಪಟ್ಟಿಯಿರುತ್ತದೆ. ನಾವು ತಂದ ಮಾತುಗಳಿಗೆ ಪಟ್ಟಿಯಿಲ್ಲ. ಹೇಳಿಕೊಡದಿದ್ದರೆ ಕಳೆದದ್ದೂ ತಿಳಿಯುವುದಿಲ್ಲ. ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ಬಿನ್ನಹ. ಪ್ರತಿ ಮನೆಯಲ್ಲೂ ಹಿರಿಯರನ್ನು ಕೇಳಿ, ತಮ್ಮ ಊರಿನ ಕುಣಿತದ ಮಾತು ಹತ್ತಾದರೂ ಬರೆದಿಡಿ. ಹೆಜ್ಜೆ, ವೇಷ, ವಾದ್ಯ ಯಾವುದಾದರೂ ಸರಿ. ಮುಂದಿನ ಸಂಚಿಕೆಯಲ್ಲಿ ಅವನ್ನು ಒಟ್ಟುಗೂಡಿಸೋಣ.

ನಮ್ಮ ಮನೆಯ ಪಟ್ಟಿ ಶುರುವಾಗಿದೆ. ಅಮ್ಮ ಊರಿಗೆ ಹಿಂದಿರುಗುವ ಮುಂಚೆ ಮಗಳಿಗೆ ಮತ್ತು ಅವಳ ಗೆಳತಿಯರಿಗೆ ಹಿತ್ತಿಲಿನಲ್ಲಿ ಕೋಲಾಟ ಕಲಿಸಿದರು. ಹುಡುಗಿಯೊಬ್ಬಳ ಹೆಜ್ಜೆ ತಪ್ಪಿತು, ಹುಲ್ಲು ಸಮನಾಗಿಲ್ಲವೆಂದು ದೂರಿದಳು. ಅಮ್ಮ ನಕ್ಕು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು. ಗಾದೆಯ ಅರ್ಥವನ್ನು ಆ ಹುಡುಗಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದವಳು ನನ್ನ ಮಗಳು. ಆಮೇಲೆ ಅಜ್ಜಿಯ ಕೈಗೆ ಕೋಲು ಕೊಟ್ಟು, "ಅಜ್ಜಿ, ನೀವೂ ಕುಣೀರಿ" ಎಂದಳು.